ಓದುಗರ ಪ್ರಶ್ನೆ: ಜ್ವರ ಬಂದು ಇವತ್ತಿಗೆ ಎಷ್ಟನೇ ದಿನ?

ಹೋದ ಸಂಚಿಕೆಯಲ್ಲಿ ಒಂದು ಮಾತು ಕೇಳಿದ್ದೆ. ಕೊರೋನಾ ಕಾಲದಲ್ಲಿ ನಿಮ್ಮ ಮನೆಯಲ್ಲಿ ಏನಾಯಿತು, ಇಷ್ಟು ವರ್ಷವಾದರೂ ತಲೆ ಕೊರೆಯುತ್ತಿರುವ ಪ್ರಶ್ನೆ ಯಾವುದು, ಬರೆದು ಕಳಿಸಿ ಅಂತ. ಹತ್ತು ಹನ್ನೆರಡು ಕಾಗದ ಬರಬಹುದು ಅಂದುಕೊಂಡಿದ್ದೆ. ಒಂದು ಕೈಚೀಲ ತುಂಬಿದೆ. ಎಲ್ಲರಿಗೂ ಉತ್ತರ ಕೊಡೋಕೆ ಇಲ್ಲಿ ಜಾಗ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷ ಆರೋಗ್ಯ ಸಹಾಯಕಿಯಾಗಿದ್ದು, 2019ರಲ್ಲಿ ನಿವೃತ್ತಳಾಗಿ, ಈಗ ಚಿಂತಾಮಣಿಯಲ್ಲಿ ಇದ್ದೇನೆ. ಬೀದಿಯವರಿಗೆ ಈಗಲೂ ನರ್ಸಮ್ಮನೇ. ಇನ್ನು ಆರಾಮಾಗಿ ಹೂವಿನ ಗಿಡ ನೋಡಿಕೊಂಡು ಇರೋಣ ಅಂದುಕೊಳ್ಳುವಷ್ಟರಲ್ಲಿ 2020ರ ಮಾರ್ಚ್ ಬಂತು. ಆಮೇಲೆ ಎರಡು ವರ್ಷ ಫೋನು ಸುಮ್ಮನಿರಲಿಲ್ಲ. ಯಾರೇ ಮಾಡಲಿ, ಏನೇ ಹೇಳಲಿ, ನಾನು ಮೊದಲು ಕೇಳುತ್ತಿದ್ದುದು ಒಂದೇ: ಜ್ವರ ಬಂದು ಇವತ್ತಿಗೆ ಎಷ್ಟನೇ ದಿನ? ಅದಕ್ಕೆ ಸರಿಯಾದ ಉತ್ತರ ಕೊಟ್ಟವರು ತುಂಬಾ ಕಡಿಮೆ. ಯಾಕೆ ಅನ್ನೋದು ಈ ಕಾಗದಗಳಲ್ಲೇ ಇದೆ.

ಪ್ರಶ್ನೆ: ನಮ್ಮ ತಂದೆ 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಆ ದಿನ ಬೆಳಿಗ್ಗೆ ಮುದ್ದೆ ಉಂಡರು. ಮಾವಿನಕಾಯಿ ರೇಟು ಎಷ್ಟಿದೆ ಅಂತ ಫೋನಿನಲ್ಲಿ ವಿಚಾರಿಸಿದರು. ಸ್ವಲ್ಪ ಸುಸ್ತು ಅಂದರು, ಅಷ್ಟೇ. ಸಂಜೆ ಆಸ್ಪತ್ರೆಯಲ್ಲಿ ನೋಡಿದರೆ ಆಕ್ಸಿಜನ್ 76. ಅಷ್ಟು ಕಡಿಮೆ ಇದ್ದವರು ಮಾತಾಡಿಕೊಂಡು ಹೇಗಿದ್ದರು? ನಾವೇ ಕಣ್ಣು ಮುಚ್ಚಿಕೊಂಡು ಕೂತಿದ್ದೆವಾ?
ಹೆಸರು ಬೇಡ, ಶ್ರೀನಿವಾಸಪುರ

ಕಣ್ಣು ಬಿಟ್ಟುಕೊಂಡೇ ಇದ್ದಿರಿ. ಕಣ್ಣಿಗೆ ಕಾಣುವ ಹಾಗೆ ಅಲ್ಲಿ ಏನೂ ಇರಲಿಲ್ಲ. ನಮಗೆ ದಮ್ಮು ಕಟ್ಟುತ್ತಿದೆ ಅನ್ನಿಸುವುದು ಹೆಚ್ಚಾಗಿ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಿದಾಗ. ಉಸಿರು ಬಿಗಿ ಹಿಡಿದು ನೋಡಿ, ಅರ್ಧ ನಿಮಿಷಕ್ಕೆ ಎದೆ ಒದ್ದಾಡುತ್ತದೆ ಅಲ್ವಾ, ಅದನ್ನು ಬಹುಪಾಲು ಮಾಡಿಸುವುದು ಅದೇ. ಕೊರೋನಾ ಶ್ವಾಸಕೋಶಕ್ಕೆ ಇಳಿದಾಗ ಶುರುವಿನಲ್ಲಿ ಕಾರ್ಬನ್ ಡೈ ಆಕ್ಸೈಡ್ ಸಲೀಸಾಗಿ ಆಚೆ ಹೋಗುತ್ತಿತ್ತು, ಆಮ್ಲಜನಕ ಮಾತ್ರ ರಕ್ತಕ್ಕೆ ಸೇರುತ್ತಿರಲಿಲ್ಲ. ಹಾಗಾಗಿ ಮಿದುಳಿಗೆ ಗಾಬರಿಯ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಡಾಕ್ಟರುಗಳು ಇದನ್ನು ಹ್ಯಾಪಿ ಹೈಪಾಕ್ಸಿಯಾ ಅಂತ ಕರೆದರು, ಹೈಪಾಕ್ಸಿಯಾ ಅಂದರೆ ಆಮ್ಲಜನಕದ ಕೊರತೆ. ಹ್ಯಾಪಿಯಂತೆ! ಹೆಸರಿಟ್ಟವರ ಮನೆಯಲ್ಲಿ ಇದು ಆಗಿರಲಿಕ್ಕಿಲ್ಲ.

ಅದಕ್ಕೇ ಬೆರಳಿಗೆ ಹಾಕುವ ಆಕ್ಸಿಮೀಟರ್ ಅಷ್ಟು ಮುಖ್ಯವಾಗಿತ್ತು. ಕೂತಿದ್ದಾಗ ಒಂದು ಸಲ ನೋಡಿದರೆ ಸಾಲದು. ಮನೆಯೊಳಗೇ ಆರು ನಿಮಿಷ ನಡೆಸಿ ಮತ್ತೆ ನೋಡಬೇಕು. 94ಕ್ಕಿಂತ ಕೆಳಗೆ ಬಂದರೆ, ಇಲ್ಲವೇ ಮೊದಲಿಗಿಂತ ಮೂರಕ್ಕೂ ಜಾಸ್ತಿ ಅಂಕ ಇಳಿದರೆ, ಮನುಷ್ಯ ನಗುತ್ತಾ ಇದ್ದರೂ ಆಸ್ಪತ್ರೆಗೆ ಹೊರಡಿಸಬೇಕು. ಕೈ ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣ ಇದ್ದರೆ ಲೆಕ್ಕ ತಪ್ಪುತ್ತದೆ. ಕಪ್ಪು ಚರ್ಮದವರಿಗೆ ಇದ್ದದ್ದಕ್ಕಿಂತ ಒಂದೆರಡು ಅಂಕ ಜಾಸ್ತಿ ತೋರಿಸುವುದೂ ಉಂಟು. ಬಿಸಿಲಲ್ಲಿ ದುಡಿಯುವ ನಮ್ಮ ಕಡೆಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ನಿಮ್ಮ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿದೆ. ಅವತ್ತು ಜ್ವರದ ಮೂರನೇ ದಿನ ಅಂದುಕೊಂಡಿದ್ದೆವು, ಆಮೇಲೆ ನೋಡಿದರೆ ತೋಟದಲ್ಲಿ ಕೆಲಸ ನಿಂತುಹೋಗುತ್ತೆ ಅಂತ ಅಪ್ಪ ಅದಕ್ಕೂ ಮುಂಚೆ ಐದು ದಿನ ಮೈಕೈ ನೋವು ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದರು ಅಂತ ಗೊತ್ತಾಯಿತು, ಅಂತ ಬರೆದಿದ್ದೀರಿ. ಹಾಗಿದ್ದರೆ ಅದು ಎಂಟನೇ ದಿನ. ಕೊರೋನಾದಲ್ಲಿ ಆಕ್ಸಿಜನ್ ಬೀಳುವುದಿದ್ದರೆ ಸಾಮಾನ್ಯವಾಗಿ ಬೀಳುತ್ತಿದ್ದುದು ಐದರಿಂದ ಹತ್ತನೇ ದಿನದ ಒಳಗೆ. ನೀವು ಮೂರು ಎಣಿಸುತ್ತಿದ್ದಿರಿ, ಕಾಯಿಲೆ ಎಂಟು ಎಣಿಸುತ್ತಿತ್ತು. ಅವರು ಹೇಳಲಿಲ್ಲ, ನಿಮಗೆ ಗೊತ್ತಾಗಲಿಲ್ಲ. ನಿಮ್ಮ ಮೇಲೆ ನೀವೇ ಕೇಸು ಹಾಕಿಕೊಳ್ಳಬೇಡಿ.

ಪ್ರಶ್ನೆ: 2020ರಲ್ಲಿ ನಮ್ಮ ಮನೆ ಸೀಲ್‌ಡೌನ್ ಆಯಿತು. ಬೀದಿಗೆ ಅಡ್ಡ ಬೊಂಬು ಕಟ್ಟಿದರು. ಹಾಲಿನವನು ಬರಲಿಲ್ಲ. ರೇಷ್ಮೆ ನೂಲು ತೆಗೆಯುವ ನಮ್ಮ ಒಲೆ ಹದಿನೈದು ದಿನ ಆರಿತ್ತು. ಎದುರು ಮನೆಯವರು ಕಿಟಕಿ ಹಾಕಿಕೊಂಡರು. ನಮ್ಮ ವಿಷಯ ಬರೆದುಕೊಂಡು ಹೋದ ಆಶಾ ಕಾರ್ಯಕರ್ತೆಯನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ. ಅವಳೇ ಊರಿಗೆಲ್ಲ ಸಾರಿದ್ದು. ನನ್ನ ಸಿಟ್ಟು ತಪ್ಪಾ?
ಗೃಹಿಣಿ, ಶಿಡ್ಲಘಟ್ಟ

ಸಿಟ್ಟು ತಪ್ಪಲ್ಲ. ಅದು ಹೋಗಿ ಕೂತಿರುವ ಜಾಗ ತಪ್ಪು.

ಆಗ ಹೇಗಿತ್ತು ನೆನಪಿಸಿಕೊಳ್ಳಿ. ಕೈಗೆ ಕ್ವಾರಂಟೈನ್ ಸೀಲು. ಮನೆ ಮುಂದೆ ನೋಟಿಸು. ರೋಗಿಗಳಿಗೆ ಪಿ ಅಂತ ನಂಬರು, ಟಿವಿಯಲ್ಲಿ ಟ್ರಾವೆಲ್ ಹಿಸ್ಟರಿ. ಜಿಲ್ಲೆಗಳಿಗೂ ಬಣ್ಣ ಹಚ್ಚಿದ್ದರು. 2020ರ ಮೇ ಶುರುವಿನಲ್ಲಿ ಕೋಲಾರ ಹಸಿರು, ಚಿಕ್ಕಬಳ್ಳಾಪುರ, ತುಮಕೂರು ಕಿತ್ತಳೆ. ಗಡಿಯಾಚೆ ಇರುವ ನಮ್ಮ ಬೀಗರು ಫೋನಿನಲ್ಲಿ ನಾವು ಹಸಿರು ಅಂತ ಬೀಗಿದ್ದೇ ಬೀಗಿದ್ದು, ಏನೋ ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ಹಾಗೆ. ಅದೇ ತಿಂಗಳು ಅಲ್ಲೂ ಕೇಸು ಬಂತು. ಕಾಯಿಲೆಯನ್ನು ಮರ್ಯಾದೆಯ ಲೆಕ್ಕಕ್ಕೆ ಹಾಕಿದ ಮೇಲೆ ಯಾರು ತಾನೇ ಹೇಳಿಕೊಳ್ಳುತ್ತಾರೆ?

ಆಶಾ ಕಾರ್ಯಕರ್ತೆಯ ವಿಷಯ. ಪಟ್ಟಿ ಬರೆಯುವುದು ಅವಳ ಕೆಲಸ, ಬೊಂಬು ಕಟ್ಟಿದ್ದು ಅವಳಲ್ಲ. ಅವಳಿಗೂ ಮನೆಯಿತ್ತು. ಅವಳ ಬೀದಿಯವರೂ ಅವಳನ್ನು ಕೊಳಾಯಿ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ನನ್ನ ಜೊತೆ ಕೆಲಸ ಮಾಡಿದ ಇಬ್ಬರಿಗೆ ಹೀಗಾಗಿದೆ. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ರಕ್ಷಣೆಯ ಸಾಮಾನು ಕೊಡಿ ಅಂತ ಕೆಲಸ ನಿಲ್ಲಿಸಿ ಕೂತಿದ್ದರು. ಮಾಸ್ಕ್ ಕೊಡಿ ಅಂತ ಮುಷ್ಕರ ಮಾಡಬೇಕಾದ ಸ್ಥಿತಿ ಅವರದ್ದು. ನಿಮ್ಮ ಊರಿನವಳು ಬಾಯಿ ಬಿಟ್ಟಿದ್ದರೆ ಅದು ತಪ್ಪೇ. ಆದರೆ ಬೊಂಬು ಕಟ್ಟಿದ ಮೇಲೆ ಬಾಯಿ ಬಿಡೋಕೆ ಏನು ಉಳಿದಿತ್ತು ಹೇಳಿ.

ಈಗ ನನ್ನದೂ ಒಂದು ಹೇಳುತ್ತೇನೆ. ಇದನ್ನು ಈ ಅಂಕಣದಲ್ಲಿ ಇದುವರೆಗೆ ಬರೆದಿರಲಿಲ್ಲ.

2021ರ ಏಪ್ರಿಲ್. ನನ್ನ ತಮ್ಮನ ಮಗಳಿಗೆ ಸೀಮಂತ. ಗುರುವಾರ ನನಗೆ ಗಂಟಲು ಕೆರೆತ, ಶುಕ್ರವಾರ ಮೈ ಸ್ವಲ್ಪ ಬೆಚ್ಚಗೆ. ಬೀದಿಯಲ್ಲಿ ರಸ್ತೆ ಅಗೆದಿದ್ದರು, ಧೂಳು ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಸುಳ್ಳೇ. ಒಳಗೆ ಗೊತ್ತಿತ್ತು. ಮೂವತ್ತೊಂದು ವರ್ಷ ಬೇರೆಯವರ ಮನೆ ಬಾಗಿಲಲ್ಲಿ ನಿಂತು ಮುಚ್ಚಿಡಬೇಡಿ ಅಂದವಳು, ಸೋದರತ್ತೆ ಇಲ್ಲದೆ ಸೀಮಂತ ಹೇಗೆ, ಜನ ಏನಂದುಕೊಳ್ಳುತ್ತಾರೆ ಅಂತ ಒಂದು ಪ್ಯಾರಸಿಟಮಾಲ್ ನುಂಗಿ, ಮಾಸ್ಕ್ ಹಾಕಿಕೊಂಡು ಭಾನುವಾರ ಹೋದೆ. ಮಾಸ್ಕ್ ಆರತಿ ತನಕ ಇತ್ತು. ಊಟಕ್ಕೆ ಕೂತಾಗ ಗಲ್ಲಕ್ಕೆ ಇಳಿಯಿತು. ಪಕ್ಕದಲ್ಲಿ ಕೂತಿದ್ದವರು ನಮ್ಮ ಅತ್ತಿಗೆ.

ಮಾರನೇ ದಿನ ನಾನು ಟೆಸ್ಟ್ ಮಾಡಿಸಿದೆ. ರಿಪೋರ್ಟ್ ಬಂದಿದ್ದು ನಾಲ್ಕು ದಿನ ಬಿಟ್ಟು, ಆಗ ಎಲ್ಲ ಕಡೆ ಹಾಗೇ ಇತ್ತು. ಅಷ್ಟರಲ್ಲಿ ಅತ್ತಿಗೆಗೆ ಜ್ವರ. ಅವರ ರಿಪೋರ್ಟೂ ತಡ. ಮನೆಯವರು ದಿನ ಎಣಿಸಲು ಶುರು ಮಾಡಿದ್ದು ಪಾಸಿಟಿವ್ ಅಂತ ಮೆಸೇಜು ಬಂದ ದಿನದಿಂದ. ಇವತ್ತು ಮೂರನೇ ದಿನ ಅಷ್ಟೇ ಅಕ್ಕಾ, ಏನೂ ತೊಂದರೆ ಇಲ್ಲ ಅಂತ ತಮ್ಮ ಫೋನಿನಲ್ಲಿ ಹೇಳಿದಾಗ, ಅಲ್ಲ ಕಣೋ, ಮೊದಲ ಸಲ ಮೈ ಬಿಸಿ ಆಗಿದ್ದು ಯಾವತ್ತು, ಅವತ್ತಿಂದ ಎಣಿಸು ಅಂತ ಕಿರುಚಿದೆ. ಎಣಿಸಿದರೆ ಏಳು. ಬೋರಲು ಮಲಗಿಸಿ ಅಂದೆ, ಕತ್ತಿನ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆವರೆಗೆ ಎರಡು, ಕಾಲಿನ ಕೆಳಗೆ ಎರಡು. 90 ಇದ್ದದ್ದು 93 ಆಯಿತು. ಆ ಮೂರು ಅಂಕ ಬೆಡ್ ಸಿಗುವ ತನಕ ಕಾಪಾಡಿತು. ಹನ್ನೊಂದು ದಿನ ಆಸ್ಪತ್ರೆ. ಬದುಕಿ ಬಂದರು. ಈಗಲೂ ಎರಡನೇ ಮಹಡಿ ಹತ್ತಿದರೆ ಮಧ್ಯದಲ್ಲಿ ಒಂದು ಸಲ ಕೂರುತ್ತಾರೆ. ನನ್ನಿಂದಲೇ ಬಂತು ಅಂತ ಅವರು ಒಂದು ದಿನವೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಿಮ್ಮ ಎದುರು ಮನೆಯವರ ಕಿಟಕಿ ಈಗ ತೆಗೆದಿರಬಹುದು. ಒಂದು ಸಲ ಮಾತಾಡಿಸಿ ನೋಡಿ. ಅವರ ಹತ್ತಿರವೂ ಹೇಳದೇ ಇಟ್ಟುಕೊಂಡಿದ್ದು ಏನಾದರೂ ಇರುತ್ತದೆ.

ಪ್ರಶ್ನೆ: ನಮ್ಮದು ಒಂದೇ ರೂಮಿನ ಮನೆ, ಐದು ಜನ. ಎರಡನೇ ಅಲೆಯಲ್ಲಿ ನನಗೆ ಬಂದಾಗ ಅಜ್ಜಿ ನನ್ನನ್ನು ಹೊಲದ ಪಂಪ್‌ಸೆಟ್ ಮನೆಗೆ ಕಳಿಸಿದರು. ಹನ್ನೆರಡು ದಿನ ಅಲ್ಲೇ ಇದ್ದೆ. ಪ್ಲೇಗು ಬಂದಾಗ ನಮ್ಮೋರು ಹೀಗೇ ಮಾಡಿದ್ದು ಅಂದರು. ನಿಜವಾ? ನಮ್ಮೂರ ಪ್ಲೇಗಮ್ಮನ ಗುಡಿಗೂ ಅದಕ್ಕೂ ಸಂಬಂಧ ಇದೆಯಾ?
ಪದವಿ ವಿದ್ಯಾರ್ಥಿ, ಬಾಗೇಪಲ್ಲಿ

ನಿಜ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಬೆಂಗಳೂರಿಗೆ ಪ್ಲೇಗು ಬಂದಿದ್ದು 1898ರ ಆಗಸ್ಟ್‌ನಲ್ಲಿ, ರೈಲು ಹತ್ತಿಕೊಂಡು. ಅಲ್ಲಿಂದ ಸುತ್ತಲ ಊರುಗಳಿಗೆ ಹಬ್ಬಿತು. ಗಣಿ ಕೆಲಸದವರು ಒತ್ತೊತ್ತಾಗಿದ್ದ ಕೋಲಾರ ಚಿನ್ನದ ಗಣಿಯಲ್ಲೂ ಹಾವಳಿ ಆಯಿತು. ಆಮೇಲೂ ಎಷ್ಟೋ ವರ್ಷ ಅದು ಹೋಗಿ ಬಂದು ಮಾಡುತ್ತಿತ್ತು. ಮನೆಯಲ್ಲಿ ಇಲಿ ಸತ್ತು ಬಿತ್ತು ಅಂದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಸೋಗೆ ಗುಡಿಸಲು ಹಾಕುತ್ತಿದ್ದರು. ನಮ್ಮಜ್ಜಿಯೂ ಹೇಳುತ್ತಿದ್ದರು, ಅವರ ಅಕ್ಕ ಹುಟ್ಟಿದ್ದು ಅಂಥ ಗುಡಿಸಲಲ್ಲೇ ಅಂತೆ. ಪ್ಲೇಗು ಹರಡುತ್ತಿದ್ದುದು ಇಲಿಯ ಮೈಮೇಲಿನ ಚಿಗಟದಿಂದ. ಇಲಿ ಸತ್ತರೆ ಚಿಗಟ ಮನುಷ್ಯನ ಮೇಲೆ ಹಾರುತ್ತದೆ. ಅಂದಮೇಲೆ ಇಲಿ ಬಿದ್ದ ಮನೆ ಬಿಡುವುದು ಸರಿಯಾದ ಕೆಲಸವೇ. ಕಾರಣ ಗೊತ್ತಿಲ್ಲದೆಯೂ ಸರಿ ಮಾಡಿದ್ದರು. ರೋಗ ಬಂದ ಊರುಗಳಲ್ಲಿ ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಅಂತ ಗುಡಿ ಕಟ್ಟಿದರು.

ಆದರೆ ಒಂದು ವ್ಯತ್ಯಾಸ ಇದೆ. ಪ್ಲೇಗಿನಲ್ಲಿ ಊರಿಗೆ ಊರೇ ಆಚೆ ಹೋಯಿತು, ಯಾರಿಗೂ ಯಾರ ಮುಂದೆಯೂ ನಾಚಿಕೆ ಇರಲಿಲ್ಲ. ಕೊರೋನಾದಲ್ಲಿ ನೀನೊಬ್ಬನೇ ಪಂಪ್‌ಸೆಟ್ ಮನೆಗೆ ಹೋದೆ. ಅದು ಕಷ್ಟ.

ನೀನು ಗಾಳಿ ಬೆಳಕು ಇರುವ ಕಡೆ ಇದ್ದದ್ದು ಒಳ್ಳೆಯದೇ ಆಯಿತು. ಈ ವೈರಸ್ಸು ಗಾಳಿಯಲ್ಲಿ ತೇಲುತ್ತದೆ, ಬಾಗಿಲು ಕಿಟಕಿ ಮುಚ್ಚಿದ ರೂಮಿನಲ್ಲಿ ಹೊಗೆಯ ಹಾಗೆ ನಿಲ್ಲುತ್ತದೆ. ಮುಂದೆ ಯಾವ ಉಸಿರಿನ ಕಾಯಿಲೆ ಬಂದರೂ ಒಂದೇ ರೂಮಿನವರಿಗೆ ನಾನು ಹೇಳುವುದು ಇಷ್ಟೇ. ಎದುರುಬದುರು ಕಿಟಕಿ ತೆಗೆಯಿರಿ, ಕಾಯಿಲೆಯವರು ಗಾಳಿ ಆಚೆ ಹೋಗುವ ಕಡೆ ಮಲಗಲಿ, ಸಾಧ್ಯವಾದರೆ ಜಗುಲಿ, ಇಲ್ಲ ಅಂದರೆ ಮಾಳಿಗೆ. ಇಬ್ಬರೂ ಮಾಸ್ಕ್ ಹಾಕಿ. ಊಟ ಒಟ್ಟಿಗೆ ಬೇಡ, ಯಾಕೆಂದರೆ ಮಾಸ್ಕ್ ಇಳಿಯುವುದು ಅಲ್ಲೇ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮತ್ತೆ, ಪಂಪ್‌ಸೆಟ್ ಮನೆಗೆ ಒಬ್ಬರನ್ನೇ ಕಳಿಸುವುದಾದರೆ ಆಕ್ಸಿಮೀಟರೂ ಚಾರ್ಜ್ ಆಗಿರುವ ಫೋನೂ ಜೊತೆಗಿರಲಿ. ನಿನಗೆ ಏನೂ ಆಗಲಿಲ್ಲ, ಸರಿ. ಎಂಟನೇ ದಿನ ರಾತ್ರಿ ಏನಾದರೂ ಆಗಿದ್ದರೆ ಅಲ್ಲಿ ಕೂಗಿದರೆ ಕೇಳೋರು ಯಾರು?

ಪ್ರಶ್ನೆ: ಮೆಣಸು, ಶುಂಠಿ, ಅಮೃತಬಳ್ಳಿ ಕಷಾಯ ದಿನಕ್ಕೆ ಮೂರು ಲೋಟ ಕುಡಿದೆವು. ಹಬೆ ತಗೊಂಡೆವು. ಕರ್ಪೂರ ಮೂಸಿದೆವು. ಅದರಿಂದಲೇ ಉಳಿದೆವು ಅಂತ ನಮ್ಮ ಯಜಮಾನರು ಹೇಳುತ್ತಾರೆ. ನೀವೇನಂತೀರಿ?
ಗೌರಿಬಿದನೂರು

ಉಳಿದಿರಲ್ಲ, ಸಂತೋಷ. ಒಂದು ಲೋಟ ಕಷಾಯ ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ಮೂರು ಲೋಟ ಮೆಣಸಿನ ಕಷಾಯ ಕುಡಿದು ಹೊಟ್ಟೆ ಉರಿ ಬಂದು ನನಗೆ ಫೋನ್ ಮಾಡಿದವರು ಕೊರೋನಾದವರಿಗಿಂತ ಕಡಿಮೆ ಇರಲಿಲ್ಲ. ಅಮೃತಬಳ್ಳಿ ದಿನಾ ಕುಡಿದವರಲ್ಲಿ ಕೆಲವರ ಲಿವರ್‌ಗೆ ಪೆಟ್ಟು ಬಿದ್ದಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ಕೇಳಿದರೆ, ಮೊದಲೇ ಲಿವರ್ ತೊಂದರೆ ಇರುವವರು ಆ ಬಳ್ಳಿಯ ತಂಟೆಗೆ ಹೋಗಬೇಡಿ. ಕರ್ಪೂರದಿಂದ ಆಕ್ಸಿಜನ್ ಒಂದು ಅಂಕವೂ ಏರುವುದಿಲ್ಲ, ಮಗು ಅದನ್ನು ನುಂಗಿದರೆ ಫಿಟ್ಸ್ ಬರುತ್ತದೆ. ಹಬೆ ವೈರಸ್ಸನ್ನು ಕೊಲ್ಲುವುದಿಲ್ಲ, ಬಿಸಿನೀರಿನ ಪಾತ್ರೆ ಮಗುಚಿ ಮಕ್ಕಳ ತೊಡೆ ಸುಟ್ಟಿದ್ದನ್ನು ನಾನೇ ಎರಡು ಮನೆಯಲ್ಲಿ ನೋಡಿದ್ದೇನೆ. ಮೂಗಿಗೆ ನಿಂಬೆರಸ ಅಂತೂ ಬೇಡವೇ ಬೇಡ.

ಕಷಾಯದ ನಿಜವಾದ ತೊಂದರೆ ಬೇರೆ. ಇನ್ನೆರಡು ದಿನ ಕಷಾಯ ಕುಡಿದು ನೋಡೋಣ ಅನ್ನುತ್ತಾರಲ್ಲ, ಆ ಎರಡು ದಿನ.

ಪ್ರಶ್ನೆ: ಟೊಮೇಟೊ, ಹಾಲಿನ ಪ್ಯಾಕೆಟ್ಟು ಎಲ್ಲ ಸೋಪು ಹಾಕಿ ತೊಳೆದೆವಲ್ಲ, ಅದು ಬೇಕಿತ್ತಾ?
ಕೋಲಾರ

ಬೇಕಿರಲಿಲ್ಲ. ನಾನೂ ತೊಳೆದೆ. ಸಾರಿನಲ್ಲಿ ಲೈಫ್‌ಬಾಯ್ ವಾಸನೆ ಬಂದ ದಿನ ನಿಲ್ಲಿಸಿದೆ. ವಸ್ತು ಮುಟ್ಟಿದ್ದರಿಂದ ಹರಡಿದ್ದು ತೀರಾ ಕಡಿಮೆ. ಕೈ ತೊಳೆಯುವ ಅಭ್ಯಾಸ ಮಾತ್ರ ಬಿಡಬೇಡಿ, ಅದು ವಾಂತಿಭೇದಿಗೆ ಬೇಕು.

ಪ್ರಶ್ನೆ: ಜ್ವರದ ಎರಡನೇ ದಿನವೇ ಮೆಡಿಕಲ್ ಶಾಪಿನಲ್ಲಿ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ನಮ್ಮ ಚಿಕ್ಕಪ್ಪನಿಗೆ ಶುಗರ್ ಇತ್ತು. ಆಮೇಲೆ ಬ್ಲ್ಯಾಕ್ ಫಂಗಸ್ ಆಗಿ ಒಂದು ಕಣ್ಣು ಹೋಯಿತು. ಮಾತ್ರೆಯಿಂದಲೇ ಆಯಿತಾ?
ಗುಡಿಬಂಡೆ

ಅವರೊಬ್ಬರ ವಿಷಯದಲ್ಲಿ ಇದರಿಂದಲೇ ಅಂತ ನಾನು ಹೇಳಲಾರೆ, ನೋಡಿದ ಡಾಕ್ಟರೇ ಹೇಳಬೇಕು. ಆದರೆ ಹತೋಟಿಯಲ್ಲಿಲ್ಲದ ಶುಗರ್, ಅದರ ಮೇಲೆ ಸ್ಟಿರಾಯ್ಡ್, ಈ ಜೋಡಿ ಆ ಫಂಗಸ್ಸಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಇಲ್ಲೂ ದಿನದ ಲೆಕ್ಕವೇ ನೋಡಿ. ಮೊದಲ ವಾರ ವೈರಸ್ಸಿನದು. ಎರಡನೇ ವಾರ ನಮ್ಮ ಮೈಯೇ ರೊಚ್ಚಿಗೆದ್ದು ಶ್ವಾಸಕೋಶವನ್ನು ಕೆಡಿಸುತ್ತಿತ್ತು. ಸ್ಟಿರಾಯ್ಡ್ ಆ ರೊಚ್ಚನ್ನು ಇಳಿಸುತ್ತದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗ ತೋರಿಸಿದ್ದೂ ಅದೇ. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡು ಆಕ್ಸಿಜನ್ ಬೇಕಾದವರ ಪ್ರಾಣ ಉಳಿಸಿತು, ಆಕ್ಸಿಜನ್ ಬೇಡದವರಿಗೆ ಏನೂ ಉಪಯೋಗ ಆಗಲಿಲ್ಲ. ಎಂಟನೇ ದಿನ ಅಮೃತ ಆಗುವ ಮಾತ್ರೆಯನ್ನು ಎರಡನೇ ದಿನ ಕೊಟ್ಟರೆ ಮೈ ವೈರಸ್ಸಿನ ಜೊತೆ ಹೊಡೆದಾಡುವಾಗ ಕೈ ಕಟ್ಟಿದ ಹಾಗಾಗುತ್ತದೆ. ಕೆಮ್ಮು ನೆಗಡಿಗೆಲ್ಲ ಇವತ್ತೂ ಆ ಮಾತ್ರೆ ಕವರಿನಲ್ಲಿ ಹಾಕಿಕೊಡುವವರಿದ್ದಾರೆ. ಹೆಸರು ಕೇಳಿ ತಗೊಳ್ಳಿ.

ಪ್ರಶ್ನೆ: ಕೊರೋನಾ ಬಂದು ಹೋದ ಮೇಲೆ ನನಗೆ ಕಾಫಿ ಸುಟ್ಟ ರಬ್ಬರಿನ ಹಾಗೆ ವಾಸನೆ ಬರುತ್ತದೆ. ಒಗ್ಗರಣೆ ಅಂದರೆ ಓಡಿಹೋಗಬೇಕು ಅನ್ನಿಸುತ್ತದೆ. ಎಲ್ಲರೂ ನಗುತ್ತಾರೆ.
ತಿಪಟೂರು

ನಾನು ನಗುವುದಿಲ್ಲ. ಕಾಫಿ ಕಳೆದುಕೊಂಡವರ ದುಃಖ ಸಣ್ಣದಲ್ಲ.

ವಾಸನೆಯ ನರಗಳಿಗೆ ಆಸರೆಯಾಗಿರುವ ಕೋಶಗಳನ್ನು ವೈರಸ್ಸು ಹಾಳು ಮಾಡುತ್ತದೆ. ಮತ್ತೆ ಬೆಳೆಯುವಾಗ ತಂತಿ ಅಡ್ಡಾದಿಡ್ಡಿ ಜೋಡಣೆಯಾದ ಹಾಗೆ ಒಂದಕ್ಕೆ ಇನ್ನೊಂದು ವಾಸನೆ ಬರುತ್ತದೆ. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಹುರಿದದ್ದು ಕರಿದದ್ದು, ಇವೇ ಹೆಚ್ಚಾಗಿ ಕೆಡುವುದು. ಇದಕ್ಕೆ ವಾಸನೆಯ ಕಸರತ್ತು ಅಂತ ಇದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನೂ ಬೆಳಿಗ್ಗೆ ಸಂಜೆ ಒಂದೊಂದು ಇಪ್ಪತ್ತು ಸೆಕೆಂಡು ಮೆಲ್ಲಗೆ ಮೂಸುವುದು. ಮೂಸುವಾಗ ಆ ವಾಸನೆ ಮೊದಲು ಹೇಗಿತ್ತು ಅಂತ ನೆನಪಿಸಿಕೊಳ್ಳಬೇಕು. ಮೂರು ನಾಲ್ಕು ತಿಂಗಳಾದರೂ ಬಿಡದೆ ಮಾಡಿ. ಎಲ್ಲರಿಗೂ ಪೂರ್ತಿ ವಾಪಸ್ಸು ಬರುವುದಿಲ್ಲ, ಆದರೆ ತುಂಬಾ ಜನರಿಗೆ ಸುಧಾರಿಸುತ್ತದೆ. ಖರ್ಚೂ ಇಲ್ಲ. ನೀಲಗಿರಿ ಎಲೆ ಬೇಕಾದರೆ ನಮ್ಮ ಕಡೆ ಬನ್ನಿ, ಕೋಲಾರ ಚಿಕ್ಕಬಳ್ಳಾಪುರದಲ್ಲಿ ಅದಕ್ಕೇನೂ ಬರ ಇಲ್ಲ. ಅಂತರ್ಜಲ ಹೀರಿತು ಅಂತ ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನೇ ನಿಲ್ಲಿಸಿತು. ನಾವು ಬೈದ ಮರ ನಿಮ್ಮ ಮೂಗಿಗಾದರೂ ಆಗಲಿ.

ಒಂದು ಎಚ್ಚರಿಕೆ. ವಾಸನೆ ಸರಿಯಾಗಿ ತಿಳಿಯದವರು ಗ್ಯಾಸ್ ಒಲೆ ಮುಂದೆ ಒಬ್ಬರೇ ಇರಬೇಡಿ, ಸೋರಿದರೆ ಗೊತ್ತಾಗುವುದಿಲ್ಲ. ರೆಗ್ಯುಲೇಟರ್ ರಾತ್ರಿ ಆಫ್ ಮಾಡಿ.

ಪ್ರಶ್ನೆ: ನನಗೆ 29. ಎರಡು ಡೋಸ್ ಕೋವಿಶೀಲ್ಡ್ ಆಗಿದೆ. ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂದಾಗಿನಿಂದ ನಮ್ಮ ಮನೆಯಲ್ಲಿ ಜಿಮ್ಮಿಗೆ ಹೋಗೋಕೆ ಬಿಡುತ್ತಿಲ್ಲ. ಲಸಿಕೆಯಿಂದ ಈಗ ಏನಾದರೂ ಆಗುತ್ತಾ?
ಮಾಲೂರು

2025ರ ಜೂನ್, ಜುಲೈನಲ್ಲಿ ಆ ಸುದ್ದಿ ಬಂದಾಗ ಜನ ಹೃದಯ ತೋರಿಸೋಕೆ ಆಸ್ಪತ್ರೆಗಳ ಮುಂದೆ ಸಾಲು ನಿಂತಿದ್ದು ನನಗೂ ಗೊತ್ತು. ನಮ್ಮ ಬೀದಿಯಿಂದಲೇ ಮೂವರು ಹೋಗಿ ಬಂದರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2023ರಲ್ಲಿ ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಅಧ್ಯಯನ ಮಾಡಿತು. ಲಸಿಕೆಯಿಂದ ಅಪಾಯ ಏರಿದ್ದು ಕಾಣಲಿಲ್ಲ. ಎರಡು ಡೋಸ್ ಆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಜಾಸ್ತಿ ಇದ್ದದ್ದು ಯಾರಲ್ಲಿ ಅಂದರೆ, ಕೊರೋನಾ ಬಂದು ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಇದ್ದವರು, ಸಾಯುವ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿದವರು ಅಥವಾ ಮೈಮೀರಿ ಕಸರತ್ತು ಮಾಡಿದವರು. ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುವ ಅಪರೂಪದ ತೊಂದರೆ ಇದ್ದದ್ದು ನಿಜ, ಮುಚ್ಚಿಡುವಂಥದ್ದಲ್ಲ. ಆದರೆ ಅದು ಬರುತ್ತಿದ್ದುದು ಚುಚ್ಚಿಸಿಕೊಂಡ ಕೆಲವೇ ವಾರಗಳಲ್ಲಿ. ವರ್ಷಗಟ್ಟಲೆ ಬಿಟ್ಟು ಕಾದು ಕೂತು ಬರುವಂಥದ್ದಲ್ಲ.

ಜಿಮ್ಮಿಗೆ ಹೋಗು. ಮೊದಲು ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸು. ಎದೆ ಬಿಗಿತ, ತಲೆ ಸುತ್ತು ಬಂದರೆ ಗ್ಯಾಸು ಅಂದುಕೊಂಡು ಸೋಡಾ ಕುಡಿಯಬೇಡ. ಅಂಗಡಿಯವನು ಕೊಡುವ ಡಬ್ಬಿ ಪುಡಿಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಬೈಯೋಕೆ ಶುರು ಮಾಡಿದರೆ ಜಾಗ ಸಾಲುವುದಿಲ್ಲ.

ಪ್ರಶ್ನೆ: ಮೂರು ವಾರದಿಂದ ಕೆಮ್ಮು. ಸಂಜೆ ಸ್ವಲ್ಪ ಜ್ವರ. ಮನೆಯಲ್ಲಿ ಹೇಳಿಲ್ಲ. ಮತ್ತೆ ಕೊರೋನಾ ಅಂತ ಹೆದರುತ್ತಾರೆ. ಏನು ಮಾಡಲಿ?
ಕೆಜಿಎಫ್

ಹೇಳಿಬಿಡಿ, ಇವತ್ತೇ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ ಅಂದರೆ ಮೊದಲು ಕಫ ಪರೀಕ್ಷೆ ಮಾಡಿಸಬೇಕು, ಟಿಬಿ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಟಿಬಿಯೇ ಆಗಿದ್ದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ, ಪೂರ್ತಿ ತಗೊಂಡರೆ ವಾಸಿಯಾಗುತ್ತದೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ನಿಮ್ಮ ಖಾತೆಗೆ ಬರುತ್ತದೆ. ಗಣಿಯಲ್ಲಿ ಅಥವಾ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಕಲ್ಲಿನ ಧೂಳು ತಿಂದ ಶ್ವಾಸಕೋಶಕ್ಕೆ ಟಿಬಿ ಬೇಗ ಹಿಡಿಯುತ್ತದೆ. ಮೂರು ವಾರ ಅಂದಿದ್ದೀರಿ. ಕಾಗದ ನನ್ನ ಕೈಗೆ ಬರುವಷ್ಟರಲ್ಲಿ ಐದು ಆಗಿರುತ್ತದೆ, ಅಚ್ಚಾಗುವಷ್ಟರಲ್ಲಿ ಏಳು. ನಿಮ್ಮ ವಿಳಾಸಕ್ಕೆ ಬೇರೆಯಾಗಿ ಬರೆದಿದ್ದೇನೆ.

ಪ್ರಶ್ನೆ: ಅಮ್ಮ ಹೋದಾಗ ನಾನು ಬೆಂಗಳೂರಿನಲ್ಲಿ ಪಾಸಿಟಿವ್ ಆಗಿ ರೂಮಿನಲ್ಲಿದ್ದೆ. ವಿಡಿಯೋ ಕಾಲ್‌ನಲ್ಲಿ ನೋಡಿದ್ದು. ನೀಲಿ ಡ್ರೆಸ್ಸಿನ ನಾಲ್ಕು ಜನ, ಹಗ್ಗ, ಅಷ್ಟೇ. ಬಾಯಿಗೆ ನೀರು ಬಿಡಲಿಲ್ಲ. ಮಗಳು ಅಂತ ಇದ್ದು ಏನು ಪ್ರಯೋಜನ?
ಹೆಸರು ಬೇಡ, ಮುಳಬಾಗಿಲು

ಈ ಕಾಗದ ಇಟ್ಟುಕೊಂಡು ನಾಲ್ಕು ದಿನ ಕೂತಿದ್ದೆ. ಏನು ಬರೆದರೂ ಹಗುರ ಅನ್ನಿಸುತ್ತದೆ.

ನಿಮ್ಮ ಹಾಗೆ ನೋಡಿದವರು ಎಷ್ಟೋ ಜನ. 2021ರ ಏಪ್ರಿಲ್‌ನಲ್ಲಿ ಸ್ಮಶಾನಗಳಲ್ಲಿ ಸಾಲು ಹೆಚ್ಚಾಗಿ, ಸ್ವಂತ ಜಮೀನಿನಲ್ಲೇ ಸಂಸ್ಕಾರ ಮಾಡಬಹುದು ಅಂತ ಸರ್ಕಾರ ಹೇಳಬೇಕಾಯಿತು. ಯಾರೂ ಕೇಳಿಕೊಂಡು ಬಾರದ ಚಿತಾಭಸ್ಮವನ್ನು ಜೂನ್‌ನಲ್ಲಿ ಸರ್ಕಾರವೇ ಕಾವೇರಿಯಲ್ಲಿ ಬಿಟ್ಟಿತು. ಹೀಗೆ ಬೇರೆಯವರ ಲೆಕ್ಕ ಹೇಳಿದರೆ ನಿಮ್ಮ ಸಂಕಟ ಕಮ್ಮಿಯಾಗುವುದಿಲ್ಲ, ಗೊತ್ತು. ನೀವು ರೂಮು ಬಿಟ್ಟು ಆಚೆ ಬಂದಿದ್ದರೆ ಮುಳಬಾಗಿಲು ಮುಟ್ಟುವಷ್ಟರಲ್ಲಿ ಬಸ್ಸಿನಲ್ಲಿ, ಮನೆಯಲ್ಲಿ ಎಷ್ಟು ಜನಕ್ಕೆ ಮುಟ್ಟಿಸುತ್ತಿದ್ದಿರೋ. ಕಾಯಿಲೆ ಮುಚ್ಚಿಟ್ಟುಕೊಂಡು ಸೀಮಂತಕ್ಕೆ ಹೋದವಳು ನಾನು. ಹೇಳಿಕೊಂಡು ಒಳಗೇ ಕೂತವರು ನೀವು. ನಿಮ್ಮ ಕಾಗದಕ್ಕೆ ಉತ್ತರ ಬರೆಯುವ ಯೋಗ್ಯತೆ ನನಗೆ ಇದೆಯಾ ಅಂತಲೇ ನಾಲ್ಕು ದಿನ ಯೋಚನೆ ಮಾಡಿದ್ದು.

ಬಾಯಿಗೆ ನೀರು ಬಿಡಲಿಲ್ಲ ಅಂದಿರಿ. ಅಮ್ಮನಿಗೆ ಇಷ್ಟವಾದ ಗಿಡ ಯಾವುದು? ಅದು ಇನ್ನೂ ಹಿತ್ತಲಲ್ಲಿದ್ದರೆ ಊರಿಗೆ ಹೋದಾಗ ನಿಮ್ಮ ಕೈಯಾರೆ ಒಂದು ಕೊಡ ಹಾಕಿ. ರಾತ್ರಿ ನಿದ್ದೆ ಬರುತ್ತಿಲ್ಲ ಅಂತಲೂ ಬರೆದಿದ್ದೀರಿ, ಅದಕ್ಕೆ ಗಿಡ ಸಾಲದು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಮಾಡಿ ನೋಡಿ. ನನಗೂ ಬರೆಯಿರಿ.

ಪ್ರಶ್ನೆ: ಮನೆಯಲ್ಲಿ ಹಳೇ ಆಕ್ಸಿಮೀಟರ್ ಇದೆ. ಬಿಸಾಕಲಾ?
ಚಿಂತಾಮಣಿ

ಬೇಡ. ಸೆಲ್ಲು ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ತುಕ್ಕು ಹಿಡಿಯುತ್ತದೆ. ನಮ್ಮದು ಅಡುಗೆಮನೆ ಡ್ರಾಯರಿನಲ್ಲಿ ಟೇಪು, ಕತ್ತರಿ ಜೊತೆ ಇದೆ. ರಜೆಗೆ ಬಂದ ಮೊಮ್ಮಗ ಅದನ್ನು ಹುಡುಕಿ ತೆಗೆದು ಮನೆಯವರೆಲ್ಲರ ಬೆರಳಿಗೂ ಹಾಕುತ್ತಾನೆ. ಅವನದು 99 ಬರಬೇಕು, 98 ಬಂದರೆ ಒಪ್ಪುವುದಿಲ್ಲ, ಓಡಿಹೋಗಿ ಕೈ ಉಜ್ಜಿಕೊಂಡು ಬರುತ್ತಾನೆ. ಮೊನ್ನೆ ಅತ್ತಿಗೆ ಬಂದಿದ್ದರು. ಅವರ ಬೆರಳಿಗೂ ಹಾಕಿದ. 96. ಅಜ್ಜಿ ಪಾಸು ಅಂದ.